ದೋಣಿ ಟ್ರೇಲರ್‌ನ ಬೇರಿಂಗ್ ಮತ್ತು ಒಂದು ಹಿಡಿ ಗ್ರೀಸ್

ಡಿಎಂಇ ಪೇಪರ್‌ನಲ್ಲಿ ಬೇರಿಂಗ್ ಲೈಫ್ ಲೆಕ್ಕ ಬಂದರೆ ನಮಗೆಲ್ಲ ಸಮಾಧಾನ. ಡೇಟಾ ಹ್ಯಾಂಡ್‌ಬುಕ್ ತೆಗೆದು, ಸೂತ್ರಕ್ಕೆ ಸಂಖ್ಯೆ ತುಂಬಿ, ಉತ್ತರದ ಕೆಳಗೆ ಎರಡು ಗೆರೆ ಎಳೆದರೆ ಮುಗೀತು. ಆದರೆ ಆ ಲೆಕ್ಕ ಪೂರ್ತಿ ಸರಿಯಿದ್ದೂ ಬೇರಿಂಗ್ ಹಾಳಾಗಬಹುದು. ಅದನ್ನು ಅರ್ಥ ಮಾಡಿಕೊಳ್ಳೋಕೆ ಒಂದು ಒಳ್ಳೆ ಉದಾಹರಣೆ ದೋಣಿ ಸಾಗಿಸುವ ಟ್ರೇಲರ್‌ನ ಚಕ್ರ.

ಅಮೆರಿಕದ ಮಿನ್ನೆಸೋಟ ರಾಜ್ಯದ ನಂಬರ್ ಪ್ಲೇಟ್ ಮೇಲೆ ‘10,000 ಸರೋವರಗಳು’ ಎಂದೇ ಬರೆದಿರುತ್ತದೆ. ಅಲ್ಲಿ ಎಷ್ಟೋ ಜನ ದೋಣಿಯನ್ನು ಮನೆಯಲ್ಲೇ ಇಟ್ಟುಕೊಂಡಿರುತ್ತಾರೆ. ಬೇಸಿಗೆಯಲ್ಲಿ ಅದನ್ನು ಟ್ರೇಲರ್ ಮೇಲಿಟ್ಟು, ಕಾರಿನ ಹಿಂದೆ ಕಟ್ಟಿಕೊಂಡು ಸರೋವರಕ್ಕೆ ಹೋಗುತ್ತಾರೆ. ದಡದ ಇಳಿಜಾರಿನಲ್ಲಿ ರಿವರ್ಸ್ ಬಂದು, ದೋಣಿ ತೇಲುವವರೆಗೂ ಟ್ರೇಲರನ್ನು ನೀರಿಗೆ ಇಳಿಸುತ್ತಾರೆ. ಆಗ ಚಕ್ರದ ಹಬ್ ನೀರಿನೊಳಗೆ ಮುಳುಗುತ್ತದೆ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟುತ್ತದೆ, ಟ್ರೇಲರ್ ತಿಂಗಳುಗಟ್ಟಲೆ ನಿಂತಲ್ಲೇ ನಿಂತಿರುತ್ತದೆ. ಬೇರಿಂಗ್‌ಗೆ ಕಂಟಕ ಇರುವುದು ಈ ಎರಡರಲ್ಲೂ.

ಲೆಕ್ಕ ಏನು ಹೇಳುತ್ತೆ?

ಇಂಥ ಟ್ರೇಲರ್‌ಗಳ ಪ್ರತಿ ಹಬ್‌ನಲ್ಲಿ ಸಾಮಾನ್ಯವಾಗಿ ಎರಡು ಟೇಪರ್ ರೋಲರ್ ಬೇರಿಂಗ್ ಇರುತ್ತವೆ, ಒಳಗಡೆ ಒಂದು, ಹೊರಗಡೆ ಒಂದು. ಹೊರ ಉಂಗುರ, ಅಂದ್ರೆ ಕಪ್, ಹಬ್‌ನಲ್ಲಿ ಕೂತಿರುತ್ತದೆ. ರೋಲರ್‌ಗಳಿರುವ ಒಳಭಾಗ, ಅಂದ್ರೆ ಕೋನ್, ಸ್ಪಿಂಡಲ್ ಮೇಲಿರುತ್ತದೆ. ಟೇಪರ್ ಇರುವುದರಿಂದ ಮೇಲಿನ ಭಾರವನ್ನೂ, ತಿರುವಿನಲ್ಲಿ ಬೀಳುವ ಪಕ್ಕದ ಭಾರವನ್ನೂ ಒಂದೇ ಬೇರಿಂಗ್ ತಡೆದುಕೊಳ್ಳುತ್ತದೆ. ಸೇಂಟ್ ಲೂಯಿಸ್‌ನಲ್ಲಿ ಕುದುರೆಗಾಡಿ ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್‌ಗೆ ಗಾಡಿಯ ಅಚ್ಚಿಗೆ ಹಾಕುವ ಇಂಥ ಬೇರಿಂಗ್‌ಗೆ ಪೇಟೆಂಟ್ ಸಿಕ್ಕಿದ್ದು 1898ರಲ್ಲಿ.

ಈಗ ಎಲ್‌10 ಲೈಫ್ ತೆಗೆಯೋಣ. ಬೇರಿಂಗ್‌ನ ಡೈನಾಮಿಕ್ ಸಾಮರ್ಥ್ಯ ಅದರ ಮೇಲಿನ ಭಾರದ 3 ಪಟ್ಟು ಅಂತ ಇಟ್ಕೊಳ್ಳಿ. ರೋಲರ್ ಬೇರಿಂಗ್ ಆದ್ದರಿಂದ ಘಾತ 10/3. ಉತ್ತರ ಸುಮಾರು 39 ಮಿಲಿಯನ್ ಸುತ್ತು. ಟೈರಿನ ವ್ಯಾಸ 0.6 ಮೀಟರ್ ಆದರೆ ಒಂದು ಕಿಲೋಮೀಟರ್‌ಗೆ ಚಕ್ರ ಸುಮಾರು 530 ಸುತ್ತು ಸುತ್ತುತ್ತದೆ. ಅಲ್ಲಿಗೆ ಲೈಫ್ ಸುಮಾರು 73,000 ಕಿಲೋಮೀಟರ್. ವರ್ಷಕ್ಕೆ 1,000 ಕಿಲೋಮೀಟರ್ ಓಡಿಸಿದರೆ 73 ವರ್ಷ! ನೂರರಲ್ಲಿ ತೊಂಬತ್ತು ಬೇರಿಂಗ್‌ಗಳು ಅಷ್ಟು ದಿನ ಬಾಳಬೇಕು.

ಆದರೆ ಸೂತ್ರ ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡು ಹೊರಟಿದೆ: ಒಳಗೆ ಶುದ್ಧವಾದ ಗ್ರೀಸ್ ಇದೆ, ಬೇರಿಂಗನ್ನು ಸರಿಯಾಗಿ ಕೂರಿಸಲಾಗಿದೆ ಅಂತ. ಗ್ರೀಸ್ ಕೆಟ್ಟರೆ ಆ 73 ವರ್ಷಕ್ಕೆ ಅರ್ಥವೇ ಇಲ್ಲ.

ನೀರು ಒಳಗೆ ಹೋಗೋದು ಹೇಗೆ?

ಸೀಲ್ ಇದೆಯಲ್ಲ, ನೀರು ಹೇಗೆ ಹೋಗುತ್ತೆ ಅಂತ ಕೇಳಬಹುದು. ಇದಕ್ಕೆ ಪಿಯುಸಿಯ ಗ್ಯಾಸ್ ನಿಯಮ ಸಾಕು.

ಹೈವೇಯಲ್ಲಿ ಓಡಿ ಬಂದ ಹಬ್ 70 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ, ಅಂದರೆ 343 ಕೆಲ್ವಿನ್. ಬಿಸಿಯಾಗುವಾಗ ಹಿಗ್ಗಿದ ಗಾಳಿಯಲ್ಲಿ ಸ್ವಲ್ಪ ಆಗಲೇ ಹೊರಗೆ ಹೋಗಿ, ಒಳಗಿನ ಒತ್ತಡ ಹೊರಗಿನಷ್ಟೇ ಆಗಿದೆ. ಈಗ ಹಬ್ಬನ್ನು 25 ಡಿಗ್ರಿಯ, ಅಂದರೆ 298 ಕೆಲ್ವಿನ್‌ನ ನೀರಿಗೆ ಇಳಿಸಿದೆವು. ಒಳಗಿನ ಗಾಳಿ ಪೂರ್ತಿ ತಣ್ಣಗಾದರೆ ಒತ್ತಡ 101 ಕಿಲೋಪಾಸ್ಕಲ್‌ನಿಂದ ಸುಮಾರು 88ಕ್ಕೆ ಇಳಿಯುತ್ತದೆ. ವ್ಯತ್ಯಾಸ 13 ಕಿಲೋಪಾಸ್ಕಲ್. ಹಬ್ ಅರ್ಧ ಮೀಟರ್ ಆಳದಲ್ಲಿದ್ದರೆ ನೀರಿನದೇ ಇನ್ನೊಂದು 5 ಸೇರಿ ಒಟ್ಟು 18 ಆಗುತ್ತದೆ. ಹಬ್ಬನ್ನು ಸುಮಾರು 1.8 ಮೀಟರ್ ಆಳಕ್ಕೆ ಮುಳುಗಿಸಿದಂತೆಯೇ ಇದು! ಹಿಂಭಾಗದ ಆಯಿಲ್ ಸೀಲ್ ಇರುವುದು ಮುಖ್ಯವಾಗಿ ಗ್ರೀಸ್ ಹೊರಗೆ ಬರದಂತೆ ತಡೆಯೋಕೆ. ಅದರ ಲಿಪ್ ಸವೆದಿದ್ದರೆ ಹಬ್ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಹಾಗಾಗಿ ಮೊದಲ ಪಾಠಕ್ಕೆ ಸ್ಪ್ಯಾನರ್ ಕೂಡ ಬೇಡ. ದಡಕ್ಕೆ ಬಂದ ಕೂಡಲೇ ಟ್ರೇಲರನ್ನು ನೀರಿಗೆ ಇಳಿಸಬಾರದು. ಹಗ್ಗ ಬಿಚ್ಚಿ, ಸಾಮಾನು ಜೋಡಿಸುತ್ತಾ ಹಬ್ ತಣ್ಣಗಾಗಲು ಸಮಯ ಕೊಡಬೇಕು.

ಒಳಗೆ ಹೋದ ನೀರು ಏನು ಮಾಡುತ್ತೆ?

ಗ್ರೀಸ್ ಅಂದ್ರೆ ಬೇಸ್ ಆಯಿಲ್ ಮತ್ತು ಅದನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳುವ ಥಿಕನರ್. ನೀರು ಸೇರಿ ಕಡೆದಾಗ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ರೋಲರ್ ಮತ್ತು ಕಪ್ ನಡುವಿನ ಎಣ್ಣೆಯ ಪದರ ತೆಳುವಾಗುತ್ತದೆ.

ಆಮೇಲೆ ಚಳಿಗಾಲದ ಸರದಿ. ಚಕ್ರ ತಿರುಗದೆ ನಿಂತಾಗ ರೋಲರ್ ಕಪ್ಪಿಗೆ ತಾಗಿದ ಗೆರೆಯಲ್ಲೇ ತುಕ್ಕು ಹಿಡಿಯುತ್ತದೆ. ಮುಂದಿನ ಬೇಸಿಗೆಯಲ್ಲಿ ಆ ಗುಳಿಗಳ ಮೇಲೆ ರೋಲರ್ ಓಡಿದಾಗ ಉಕ್ಕು ಚಕ್ಕೆಚಕ್ಕೆಯಾಗಿ ಏಳುತ್ತದೆ. ಬಿಸಿ ಏರಿ ಗ್ರೀಸ್ ಕರಗಿ ಹೋಗುತ್ತದೆ. ಕೊನೆಗೆ ಬೇರಿಂಗ್ ಸ್ಪಿಂಡಲ್‌ಗೆ ಕಚ್ಚಿಕೊಂಡು, ಚಕ್ರವೇ ಕಳಚಿಹೋಗಬಹುದು. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬಿಡಿಚಕ್ರ ಎದುರು ಸಾಲಿಗೆ ಹಾರಿದರೆ ಪೆಟ್ಟು ಬೀಳುವುದು ಟ್ರೇಲರ್ ಮಾಲೀಕನಿಗಲ್ಲ, ಏನೂ ಅರಿಯದ ಯಾರಿಗೋ. ಕಾರಿನೊಳಗೆ ಕೂತವನಿಗೆ ಹಿಂದಿನ ಟ್ರೇಲರ್‌ನ ಸದ್ದು ಕೇಳಿಸೋದೂ ಕಷ್ಟ.

ಸರ್ವಿಸ್ ಮಾಡೋದು ಹೀಗೆ

ವರ್ಷಕ್ಕೊಮ್ಮೆ, ಟ್ರೇಲರನ್ನು ಚಳಿಗಾಲಕ್ಕೆ ನಿಲ್ಲಿಸುವ ಮೊದಲೇ ಮಾಡಿದರೆ ಒಳ್ಳೆಯದು.

1. ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಬೇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಮೇಲೆ ತಿರುಗಿಸಿ. ಕಟಕಟ ಅಂದರೆ ಸಡಿಲ, ಗರಗರ ಅಂದರೆ ಸವೆತ.

2. ಡಸ್ಟ್ ಕ್ಯಾಪ್, ಸ್ಪ್ಲಿಟ್ ಪಿನ್, ಕ್ಯಾಸಲ್ ನಟ್, ವಾಷರ್ ತೆಗೆದು ಹಬ್ ಎಳೆಯಿರಿ. ಹಳೆ ಗ್ರೀಸ್‌ನ ಬಣ್ಣ ನೋಡಿ. ಬೆಳ್ಳಗಿದ್ದರೆ ನೀರು ಬಂದಿದೆ ಅಂತಲೇ ಅರ್ಥ.

3. ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಕಂಪ್ರೆಸರ್ ಗಾಳಿ ಬಿಟ್ಟು ಬೇರಿಂಗನ್ನು ಗಿರಗಿರ ತಿರುಗಿಸಬೇಡಿ. ಗ್ರೀಸ್ ಇಲ್ಲದೆ ತಿರುಗಿದರೆ ಗೀರು ಬೀಳುತ್ತದೆ, ರೋಲರ್ ಸಿಡಿದು ಮುಖಕ್ಕೂ ಬಡಿಯಬಹುದು.

4. ಗುಳಿ, ಚಕ್ಕೆ, ಅಥವಾ ಬಿಸಿಗೆ ನೀಲಿ ತಿರುಗಿದ ಬಣ್ಣ ಕಂಡರೆ ಕಪ್ ಮತ್ತು ಕೋನ್ ಎರಡನ್ನೂ ಜೋಡಿಯಾಗಿಯೇ ಬದಲಿಸಿ. ಸೀಲ್ ಮಾತ್ರ ಪ್ರತಿ ಸಲವೂ ಹೊಸದು.

5. ಅಂಗೈಯಲ್ಲಿ ಒಂದು ಹಿಡಿ ಗ್ರೀಸ್ ತಗೊಳ್ಳಿ. ಬೇರಿಂಗ್‌ನ ಅಗಲ ಬದಿಯ ಅಂಚನ್ನು ಅದಕ್ಕೆ ಒತ್ತುತ್ತಾ ಹೋಗಿ. ಇನ್ನೊಂದು ಬದಿಯಿಂದ ಗ್ರೀಸ್ ಎದ್ದು ಬರಬೇಕು. ಸುತ್ತಲೂ ಹೀಗೇ ಮಾಡಿ. ಮೇಲೆ ಬಳಿದರೆ ಸಾಲದು, ರೋಲರ್‌ಗಳ ನಡುವೆ ತುಂಬಬೇಕು. ಎನ್‌ಎಲ್‌ಜಿಐ 2 ದರ್ಜೆಯ, ನೀರಿಗೆ ಜಗ್ಗದ ಮರೈನ್ ವೀಲ್ ಬೇರಿಂಗ್ ಗ್ರೀಸ್ ಇರಲಿ. ಬೇರೆ ಬೇರೆ ಥಿಕನರ್‌ನ ಗ್ರೀಸ್ ಬೆರೆಸಬೇಡಿ. ಕೆಲವು ಬೆರೆತಾಗ ನೀರಾಗಿ ಹರಿದುಬಿಡುತ್ತವೆ.

6. ಹಬ್ ತಿರುಗಿಸುತ್ತಲೇ ನಟ್ ಬಿಗಿಮಾಡಿ, ಬೇರಿಂಗ್ ಕೂತ ಮೇಲೆ ಸಡಿಲಿಸಿ, ಮತ್ತೆ ಬೆರಳಿನಿಂದಷ್ಟೇ ಬಿಗಿಮಾಡಿ ಹೊಸ ಸ್ಪ್ಲಿಟ್ ಪಿನ್ ಹಾಕಿ. ಕೈಗೆ ಸಿಕ್ಕೂ ಸಿಗದಷ್ಟು ಆಟ ಉಳಿಯಬೇಕು. ‘ಇನ್ನೊಂಚೂರು ಬಿಗಿ ಮಾಡೋಣ’ ಅನ್ನೋ ಕೈಗಳೇ ಎಷ್ಟೋ ಹೊಸ ಬೇರಿಂಗ್‌ಗಳನ್ನು ಸುಟ್ಟಿವೆ.

ಡಸ್ಟ್ ಕ್ಯಾಪ್ ಬದಲು ಬೇರಿಂಗ್ ಪ್ರೊಟೆಕ್ಟರ್ ಎಂಬ ಕ್ಯಾಪ್ ಕೂಡ ಸಿಗುತ್ತದೆ. ಅದರೊಳಗೆ ಸ್ಪ್ರಿಂಗ್ ಮತ್ತು ಪಿಸ್ಟನ್ ಇದ್ದು, ಗ್ರೀಸ್ ಮೇಲೆ ಸುಮಾರು 20 ಕಿಲೋಪಾಸ್ಕಲ್ ಒತ್ತಡ ಇಡುತ್ತದೆ. ಹಬ್ ತಣ್ಣಗಾದಾಗ ಪಿಸ್ಟನ್ ಒಳಸರಿದು ಆ ಜಾಗ ತುಂಬುವುದರಿಂದ ಒಳಗಿನ ಒತ್ತಡವೇ ಹೊರಗಿನದಕ್ಕಿಂತ ಹೆಚ್ಚಾಗಿರುತ್ತದೆ. ಆದರೆ ಗ್ರೀಸ್ ಗನ್ ಜಾಸ್ತಿ ಒತ್ತಿದರೆ ಹಿಂದಿನ ಸೀಲೇ ಕಿತ್ತು ಬರುತ್ತದೆ. ಅದು ಇದ್ದರೂ ವರ್ಷದ ಸರ್ವಿಸ್ ತಪ್ಪಿಸುವಂತಿಲ್ಲ.

ನಮ್ಮೂರಲ್ಲಿ ದೋಣಿ ಟ್ರೇಲರ್ ಎಲ್ಲಿದೆ ಅಂತೀರಾ? ಟ್ರ್ಯಾಕ್ಟರ್ ಟ್ರೇಲರ್ ಇದೆಯಲ್ಲ. ಕಬ್ಬು ಹೊತ್ತು ಬಂದು, ಬಿಸಿ ಹಬ್ ಸಮೇತ ಹೊಳೆಗೆ ಇಳಿಸಿ ತೊಳೆಯೋದನ್ನು ನಾವೆಲ್ಲ ನೋಡಿದ್ದೀವಿ. ಅದೇ ಗ್ಯಾಸ್ ನಿಯಮ, ಅದೇ ಸೀಲ್. ಈ ಸಲ ರಜೆಗೆ ಊರಿಗೆ ಹೋದಾಗ ನಿಮ್ಮನೆ ಟ್ರೇಲರ್‌ನ ಹಬ್ ಒಮ್ಮೆ ಬಿಚ್ಚಿಸಿ, ಗ್ರೀಸ್ ಯಾವ ಬಣ್ಣ ಇದೆ ನೋಡಿ.