ಗುಂಡಿಗೆ ಬಿದ್ದ ಕಾರು: ಕ್ಲೈಮ್‌ಗೂ ಮುಂಚೆ ಒಂದು ಲೆಕ್ಕ

ಕಳೆದ ಮಳೆಗಾಲದಲ್ಲಿ ನಮ್ಮ ಕಾರಿನ ಎಡಗಡೆಯ ಮುಂದಿನ ಚಕ್ರ ನೀರು ತುಂಬಿದ್ದ ಗುಂಡಿಗೆ ಇಳಿಯಿತು. ಟೈರಿನ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬಿತು, ಅಲಾಯ್ ಚಕ್ರದ ಅಂಚು ಬಿರುಕು ಬಿಟ್ಟಿತು. ಗ್ಯಾರೇಜಿನಲ್ಲಿ ಕಾರು ಎತ್ತಿ ನೋಡಿದಾಗ ಲೋಯರ್ ಆರ್ಮ್ ಕೂಡ ಬಾಗಿತ್ತು. ಎಸ್ಟಿಮೇಟ್ 20,500 ರೂಪಾಯಿ. "ಇನ್ಶೂರೆನ್ಸ್ ಇದೆಯಲ್ಲ ಸಾರ್, ಕ್ಲೈಮ್ ಹಾಕಿಬಿಡೋಣ" ಎಂದರು ಅಲ್ಲಿನವರು. ನಾಳೆ ಹೇಳುತ್ತೇನೆ ಎಂದು ಮನೆಗೆ ಬಂದು, ಎಸ್ಟಿಮೇಟನ್ನೂ ಪಾಲಿಸಿಯನ್ನೂ ಎದುರಿಗೆ ಇಟ್ಟುಕೊಂಡು ಕೂತೆ. ಕೊನೆಗೆ ಕ್ಲೈಮ್ ಮಾಡಲಿಲ್ಲ. ಆ ಲೆಕ್ಕ ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲ ಮಾತು, ಕೇವಲ ಥರ್ಡ್ ಪಾರ್ಟಿ ವಿಮೆ ಇದ್ದರೆ ಗುಂಡಿಯಿಂದ ನಮ್ಮ ಕಾರಿಗಾದ ಹಾನಿಗೆ ಒಂದು ಪೈಸೆಯೂ ಬರುವುದಿಲ್ಲ. ಅದಕ್ಕೆ ಸ್ವಂತ ಹಾನಿಯ ರಕ್ಷಣೆಯಿರುವ ಸಮಗ್ರ ಪಾಲಿಸಿ ಬೇಕು. ಅದರಲ್ಲೂ ಟೈರಿಗೆ ಬೇರೆಯೇ ನಿಯಮ. ಟೈರು ಮಾತ್ರ ಹಾಳಾಗಿದ್ದರೆ ಸಾಮಾನ್ಯ ಪಾಲಿಸಿ ಏನೂ ಕೊಡುವುದಿಲ್ಲ. ಜೊತೆಗೆ ಕಾರಿನ ಬೇರೆ ಭಾಗಕ್ಕೂ ಪೆಟ್ಟಾಗಿದ್ದರೆ ಹೊಸ ಟೈರಿನ ಬೆಲೆಯಲ್ಲಿ ಅರ್ಧ ಸಿಗುತ್ತದೆ. ಉಳಿದ ಭಾಗಗಳಿಗೆ ಸವಕಳಿ ಕಳೆಯುತ್ತಾರೆ. ರಬ್ಬರ್, ಪ್ಲಾಸ್ಟಿಕ್ ಆದರೆ ಶೇ 50. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ. ನಮ್ಮ ಕಾರಿಗೆ ಮೂರು ವರ್ಷ ತುಂಬಿ ನಾಲ್ಕನೆಯದು ನಡೆಯುತ್ತಿತ್ತು, ಆ ವಯಸ್ಸಿಗೆ ಶೇ 25.

ಈಗ ಲೆಕ್ಕಕ್ಕೆ ಬರೋಣ. ಟೈರು 6,000 ರೂಪಾಯಿ, ಸಿಗುವುದು 3,000. ಅಲಾಯ್ 9,000, ಸಿಗುವುದು 6,750. ಲೋಯರ್ ಆರ್ಮ್ 3,000, ಸಿಗುವುದು 2,250. ಕೂಲಿ, ಅಲೈನ್‌ಮೆಂಟ್ ಎಲ್ಲ ಸೇರಿ 2,500. ಅದು ಪೂರ್ತಿ ಸಿಗುತ್ತದೆ ಎಂದುಕೊಳ್ಳೋಣ. ಒಟ್ಟು 14,500. ಇದರಲ್ಲಿ ಪ್ರತಿ ಕ್ಲೈಮಿಗೂ ನಾವೇ ಭರಿಸಬೇಕಾದ ಕಡ್ಡಾಯ ಮೊತ್ತ, 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಕಳೆಯಬೇಕು. ಕೈಗೆ ಬರುವುದು 13,500.

ಇಷ್ಟಕ್ಕೇ ನಿಲ್ಲಿಸಿದರೆ ಕ್ಲೈಮ್ ಲಾಭವೆಂದೇ ಕಾಣುತ್ತದೆ. ಆದರೆ ಕ್ಲೈಮ್ ಮಾಡಿದ ಕೂಡಲೇ ನೋ ಕ್ಲೈಮ್ ಬೋನಸ್ ಸೊನ್ನೆಗೆ ಇಳಿಯುತ್ತದೆ. ಕ್ಲೈಮಿಲ್ಲದ ವರ್ಷಗಳು ಕೂಡುತ್ತಾ ಹೋದಂತೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಕ್ರಮವಾಗಿ ಶೇ 20, 25, 35, 45, 50 ರಿಯಾಯಿತಿ ಸಿಗುತ್ತದೆ. ನಮಗೆ ಮುಂದಿನ ನವೀಕರಣಕ್ಕೆ ಶೇ 45 ಬರುವುದಿತ್ತು. ರಿಯಾಯಿತಿ ಕಳೆಯದ ಪ್ರೀಮಿಯಂ 12,000 ಎಂದಿಟ್ಟುಕೊಳ್ಳಿ. ಕ್ಲೈಮ್ ಮಾಡದಿದ್ದರೆ ಕಟ್ಟಬೇಕಾದದ್ದು 6,600, ಮಾಡಿದರೆ ಪೂರ್ತಿ 12,000. ಮೊದಲ ವರ್ಷವೇ 5,400 ಹೋಯಿತು. ಕಳೆದುಕೊಂಡ ಬೋನಸ್ಸನ್ನು ಮತ್ತೆ ಮೊದಲಿನಿಂದ ಗಳಿಸಬೇಕಾದ್ದರಿಂದ ಮುಂದಿನ ವರ್ಷಗಳಲ್ಲಿ 3,600, 3,000, 1,800, 600. ಎಲ್ಲ ಕೂಡಿದರೆ 14,400. ಕಾರಿನ ಐಡಿವಿ (ಪಾಲಿಸಿಯಲ್ಲಿ ನಮೂದಿಸಿದ ವಿಮಾ ಮೌಲ್ಯ) ಇಳಿದಂತೆ ಈ ಮೊತ್ತ ಸ್ವಲ್ಪ ಕಡಿಮೆಯಾದೀತು, ಪ್ರೀಮಿಯಂ ಮೇಲಿನ ಶೇ 18 ಜಿಎಸ್‌ಟಿ ಸೇರಿದರೆ ಮತ್ತೆ ಏರೀತು. ಅಂದರೆ ಇಂದು 13,500 ತೆಗೆದುಕೊಂಡು, ಐದು ವರ್ಷಗಳಲ್ಲಿ ಹೆಚ್ಚುಕಡಿಮೆ ಅಷ್ಟನ್ನೇ ಹಿಂದಿರುಗಿಸಿದಂತೆ. ನಡುವೆ ನಿಜವಾಗಿಯೂ ದೊಡ್ಡ ಅಪಘಾತವಾದರೆ ಅದಕ್ಕೆ ಬೇರೆ ಕ್ಲೈಮ್ ಮಾಡಲೇಬೇಕು. ಆಗ ಬೋನಸ್ ಹೇಗೂ ಹೋಗುತ್ತದೆ ಎನ್ನುವುದೂ ನೆನಪಿರಲಿ. ಬೋನಸ್ ಉಳಿಸುವ, ಸವಕಳಿ ಕಳೆಯದ ಆ್ಯಡ್-ಆನ್‌ಗಳನ್ನು ಕೊಂಡಿದ್ದವರ ಲೆಕ್ಕ ಬೇರೆ. ಅವರು ತಮ್ಮ ಅಂಕಿಗಳನ್ನು ಹಾಕಿ ನೋಡಲಿ.

ಈ ತೀರ್ಮಾನ ರಿಪೇರಿಗೆ ಮುಂಚೆಯೇ ಆಗಬೇಕು. ಬಿಚ್ಚಿ, ಬದಲಿಸಿ, ಬಿಲ್ಲು ಹಿಡಿದು ಹೋದರೆ ವಿಮಾ ಕಂಪನಿ ಒಪ್ಪುವುದು ಕಷ್ಟ. ಸ್ಥಳದಲ್ಲೇ ಗುಂಡಿಯ, ಚಕ್ರದ, ಸುತ್ತಲಿನ ಗುರುತುಗಳ ಫೋಟೊ ತೆಗೆದುಕೊಂಡು, ಕ್ಲೈಮ್ ಮಾಡುವುದಾದರೆ ತಕ್ಷಣ ತಿಳಿಸಿ, ಸರ್ವೇಯರ್ ನೋಡಿದ ಮೇಲೆಯೇ ಕೆಲಸ ಶುರು ಮಾಡಿಸಿ.

ಲೆಕ್ಕ ಹಾಕುತ್ತಾ ಕೂರಲೇಬಾರದ ಸಂದರ್ಭವೊಂದಿದೆ. ಕಾರಿನ ತಳ ಬಡಿದು ಆಯಿಲ್ ಸಂಪ್ ಒಡೆದಿದ್ದರೆ ಎಂಜಿನ್ ಆಫ್ ಮಾಡಿ ಟೋ ವಾಹನ ಕರೆಸಿ. ಮನೆಯವರೆಗೆ ಹೇಗೋ ಓಡಿಸೋಣ ಎಂದು ಹೊರಟರೆ ಎಣ್ಣೆಯಿಲ್ಲದೆ ಎಂಜಿನ್ ಸೀಜ್ ಆಗುತ್ತದೆ. ಸಂಪ್ ಒಡೆದದ್ದು ಅಪಘಾತ, ಅದಕ್ಕೆ ವಿಮೆ ಇದೆ. ಆಮೇಲೆ ಓಡಿಸಿದ್ದರಿಂದ ಆದ ಎಂಜಿನ್ ಹಾನಿಯನ್ನು ಪರಿಣಾಮವಾಗಿ ಆದ ನಷ್ಟವೆಂದು ಹೊರಗಿಡುತ್ತಾರೆ. ಎಂಜಿನ್ ರಿಪೇರಿ ಲಕ್ಷ ದಾಟಬಲ್ಲದು. ಸಂಪ್ ಒಡೆಯುವಂಥ ದೊಡ್ಡ ಪೆಟ್ಟಿಗೇ ನಾವು ವಿಮೆ ಕೊಂಡಿರುವುದು. ಅಲ್ಲಿ ಬೋನಸ್ ನೋಡಿ ಹಿಂಜರಿಯಬೇಡಿ.

ಸ್ವಂತ ಜೇಬಿನಿಂದ ಕೊಡುವಾಗ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬುದೂ ಮುಖ್ಯ. ಉಬ್ಬಿದ ಟೈರು ಎಂದರೆ ಒಳಗಿನ ದಾರಗಳು ಹರಿದಿವೆ ಎಂದರ್ಥ. ಅದಕ್ಕೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಹೆದ್ದಾರಿಯ ವೇಗದಲ್ಲಿ ಅದು ಸಿಡಿಯಬಹುದು. ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಮಾಡಿಸಿಕೊಳ್ಳುವುದೂ ಬೇಡ. ಬಾಗಿದ ಸ್ಟೀಲ್ ರಿಮ್ಮನ್ನು ಮಾತ್ರ ಒಳ್ಳೆಯ ಕೆಲಸಗಾರರಿಂದ ಬೆಂಡ್ ತೆಗೆಸಿ ಬಳಸಬಹುದು. ಜೋರಾಗಿ ಗುಂಡಿಗೆ ಇಳಿದ ಮೇಲೆ, ಹೊರಗೆ ಏನೂ ಕಾಣದಿದ್ದರೂ, ಅಲೈನ್‌ಮೆಂಟ್ ನೋಡಿಸಿ. ಅದು ತಪ್ಪಿದ್ದರೆ ಟೈರುಗಳ ಒಂದು ಬದಿ ಬೇಗ ಸವೆದು ಸಾವಿರಾರು ರೂಪಾಯಿ ಹಾಳಾಗುತ್ತದೆ. ಇಂಥ ರಿಪೇರಿಗಳಿಗೆಂದೇ ಬ್ಯಾಂಕಿನಲ್ಲಿ ತಿಂಗಳಿಗೆ ಸಾವಿರ ರೂಪಾಯಿಯ ಆರ್‌ಡಿ ಮಾಡಿದ್ದೇನೆ. ನಮ್ಮ ರಸ್ತೆಗಳಲ್ಲಿ ಕಾರು ಇಟ್ಟುಕೊಳ್ಳುವವರಿಗೆ ಇದು ಪೆಟ್ರೋಲಿನಂತೆಯೇ ತಿಂಗಳ ಖರ್ಚು.

ಹಾಗೆಂದು ಇದನ್ನು ನಮ್ಮ ಹಣೆಬರಹವೆಂದು ಬಿಡಲು ನನಗೆ ಮನಸ್ಸಿಲ್ಲ. ರಸ್ತೆಗೆಂದು ತೆರಿಗೆ ಕಟ್ಟಿದ್ದೇವೆ. 2019ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್, ಬೆಂಗಳೂರಿನ ರಸ್ತೆಗುಂಡಿಗಳ ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ, ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗವೆಂದು ಹೇಳಿತು. ಕೆಟ್ಟ ರಸ್ತೆಯಿಂದ ನಷ್ಟವಾದವರು ಪಾಲಿಕೆಯಿಂದ ಪರಿಹಾರ ಕೇಳಬಹುದೆಂದೂ ತಿಳಿಸಿತು. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ, ಗಾಯಗೊಂಡವರಿಗೆ 50,000ದಿಂದ 2.5 ಲಕ್ಷದವರೆಗೆ ಪರಿಹಾರ ನಿಗದಿಮಾಡಿತು. ಇಪ್ಪತ್ತು ಸಾವಿರದ ಬಿಲ್ಲಿಗಾಗಿ ಕೋರ್ಟು ಹತ್ತಿದರೆ ವಕೀಲರ ಖರ್ಚೇ ಹೆಚ್ಚಾದೀತು. ಆದರೆ ಲಿಖಿತ ದೂರಿಗೆ ಖರ್ಚಿಲ್ಲ. ಫೋಟೊ, ಜಾಗ, ದಿನಾಂಕ, ಬಿಲ್ಲಿನ ಪ್ರತಿ ಸೇರಿಸಿ ಸ್ಥಳೀಯ ಸಂಸ್ಥೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಿ.

ನಾನು ದೂರು ಕೊಟ್ಟದ್ದು ನನ್ನ ದುಡ್ಡು ವಾಪಸು ಬರುತ್ತದೆಂಬ ಆಸೆಯಿಂದಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆಗುಂಡಿಗಳಿಂದಾದ ಅಪಘಾತಗಳಲ್ಲಿ ಸತ್ತವರು 1,856 ಮಂದಿ. ಕಾರಿನವರಿಗೆ ಟೈರಿನ ನಷ್ಟವಾಗುವ ಗುಂಡಿಯಲ್ಲಿ ಬೈಕಿನವರ ಪ್ರಾಣವೇ ಹೋಗಬಹುದು. ಅದು ಅಲ್ಲಿದೆ ಎಂದು ಬರಹದಲ್ಲಿ ದಾಖಲಾದ ಮೇಲೆ ನಮಗೆ ಗೊತ್ತಿರಲಿಲ್ಲ ಎಂದು ಯಾವ ಅಧಿಕಾರಿಯೂ ಹೇಳುವಂತಿಲ್ಲ. ಕ್ಲೈಮ್ ಮಾಡಿ, ಬಿಡಿ, ಅದು ನಿಮ್ಮ ಲೆಕ್ಕ. ದೂರನ್ನು ಮಾತ್ರ ಕೊಡದೆ ಬಿಡಬೇಡಿ.