ಕರೆದಾಗ ಬರುವ ನೆಂಟರು – ಆಬ್ಜೆಕ್ಟ್ ಡೇಟಾಬೇಸ್ ಕುರಿತು ಒಂದು ಪಾಠ



ಈ ಪಾಠ ಮುಖ್ಯವಾಗಿ ನಮ್ಮ ಶಾಲೆಯ ದೊಡ್ಡ ಮಕ್ಕಳಿಗೆ, ಅಂದರೆ ಪ್ರೋಗ್ರಾಮಿಂಗ್ ಕಲಿಯಲು ತೊಡಗಿರುವವರಿಗೆ. ಚಿಕ್ಕವರು ಕೊನೆಯಲ್ಲಿರುವ ಆಟವನ್ನಷ್ಟೇ ಆಡಿದರೂ ಸಾಕು. ಪೋಷಕರಲ್ಲಿ ಅನೇಕರು ಗಣಕಯಂತ್ರದ ಮುಂದೆಯೇ ದುಡಿಯುವವರು, ಅವರಿಗೆ ಇಲ್ಲಿ ಹೊಸದೇನೂ ಇರಲಾರದು. ಆದರೂ ಈ ವಿಷಯವನ್ನು ಮನೆಮಾತಿನಲ್ಲಿ ಮಕ್ಕಳಿಗೆ ಹೇಳುವುದು ಹೇಗೆ ಎಂದು ಯೋಚಿಸಿದವರು ಕಡಿಮೆ. ನಾನು ಕಲಿಸುವುದು ಭಾಷೆ. ಆದ್ದರಿಂದ ನೆಂಟಸ್ತಿಕೆಯ ಪದಗಳಿಂದಲೇ ಪಾಠ ಆರಂಭಿಸುತ್ತೇನೆ.

ಇಂಗ್ಲಿಷಿನಲ್ಲಿ 'ಅಂಕಲ್' ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುವ ಸಂಬಂಧ ನಮ್ಮಲ್ಲಿ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಂದು ಬೇರೆ ಬೇರೆಯಾಗಿ ನಿಲ್ಲುತ್ತದೆ. ಇನ್ನೊಂದು ಸೊಗಸು ಗಮನಿಸಿ. ನಮ್ಮ ಪ್ರತಿಯೊಂದು ಸಂಬಂಧಪದಕ್ಕೂ ಎದುರುಪದ ಇದೆ. ನೀನು ಯಾರನ್ನು ಸೋದರಮಾವ ಎನ್ನುತ್ತೀಯೋ ಅವರಿಗೆ ನೀನು ಸೋದರಳಿಯ ಅಥವಾ ಸೋದರಸೊಸೆ. ಅಜ್ಜಿಗೆ ನೀನು ಮೊಮ್ಮಗಳು. ಒಂದು ಕಡೆಯಿಂದ ದಾರ ಕಟ್ಟಿದರೆ ಇನ್ನೊಂದು ಕಡೆಯಲ್ಲೂ ಗಂಟು ಬಿದ್ದೇ ಬೀಳುತ್ತದೆ.

ಈಗ ನಿಮ್ಮ ವಂಶವೃಕ್ಷವನ್ನು ಒಂದು ಪ್ರೋಗ್ರಾಮಿನಲ್ಲಿ ಬರೆಯುತ್ತೀರಿ ಎಂದಿಟ್ಟುಕೊಳ್ಳಿ. ಪ್ರತಿಯೊಬ್ಬ ವ್ಯಕ್ತಿಯೂ ಒಂದು ಆಬ್ಜೆಕ್ಟ್, ಕನ್ನಡದಲ್ಲಿ 'ವಸ್ತು' ಎನ್ನೋಣ. (ಅಜ್ಜಿಯನ್ನು ವಸ್ತು ಎಂದು ಕರೆದದ್ದಕ್ಕೆ ಅಜ್ಜಿಯಂದಿರು ಕ್ಷಮಿಸಬೇಕು.) ಆ ವಸ್ತುವಿನೊಳಗೆ ಹೆಸರು, ಹುಟ್ಟಿದ ಊರು, ಹೇಳಿದ ಒಂದೆರಡು ಕಥೆಗಳು, ತಾಯಿ ಯಾರು, ತಂದೆ ಯಾರು, ಮಕ್ಕಳು ಯಾರು ಎಂಬುದೆಲ್ಲ ಇರುತ್ತದೆ. ತಾಯಿ ಎಂಬ ಜಾಗದಲ್ಲಿ ಬರಿಯ ಹೆಸರಲ್ಲ, ತಾಯಿ ಎಂಬ ಇನ್ನೊಂದು ವಸ್ತುವಿಗೆ ಹೋಗುವ ದಾರಿಯೇ ಇರುತ್ತದೆ.

ಪ್ರೋಗ್ರಾಮ್ ಓಡುತ್ತಿರುವವರೆಗೆ ಎಲ್ಲ ಚೆನ್ನ. ಮುಚ್ಚಿದೊಡನೆ ಇಡೀ ವಂಶ ಮಾಯ! ಗಣಕದ ನೆನಪಿನಲ್ಲಿದ್ದ ವಸ್ತುಗಳೆಲ್ಲ ತಾತ್ಕಾಲಿಕ. ಪ್ರೋಗ್ರಾಮ್ ಮುಗಿದ ಮೇಲೂ ಉಳಿದು, ನಾಳೆ ತೆರೆದಾಗ ನಿನ್ನೆ ಇದ್ದ ಹಾಗೆಯೇ ಸಿಗುವ ವಸ್ತುವಿಗೆ 'ಪರ್ಸಿಸ್ಟೆಂಟ್ ಆಬ್ಜೆಕ್ಟ್' ಎಂದು ಹೆಸರು. ನಾನು ಇದನ್ನು 'ಸ್ಥಾಯಿ ವಸ್ತು' ಎನ್ನುತ್ತೇನೆ. ಇಂತಹ ವಸ್ತುಗಳನ್ನು ಕೋಷ್ಟಕದ ಸಾಲುಗಳಾಗಿ ಬಿಡಿಸದೆ, ವಸ್ತುಗಳಾಗಿಯೇ ಕಾಪಾಡುವ ಉಗ್ರಾಣವೇ ಆಬ್ಜೆಕ್ಟ್ ಡೇಟಾಬೇಸ್.

"ಮುಚ್ಚುವಾಗ ಎಲ್ಲವನ್ನೂ ಒಂದು ಫೈಲಿಗೆ ಬರೆದು, ತೆರೆಯುವಾಗ ಎಲ್ಲವನ್ನೂ ಓದಿದರಾಯಿತಲ್ಲ, ಮಿಸ್?" ಎಂದು ನೀವು ಕೇಳಬಹುದು. ಇಪ್ಪತ್ತು ಜನರಿದ್ದರೆ ಆದೀತು. ಆದರೆ ಲೆಕ್ಕ ಹಾಕಿ ನೋಡಿ: ನಿಮಗೆ ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅದರ ಹಿಂದೆ ಎಂಟು ಜನ. ಹೀಗೆ ಹತ್ತು ತಲೆಮಾರು ಹಿಂದೆ ಹೋದರೆ ನೇರ ಪೂರ್ವಿಕರೇ 2,046. ಅವರ ಅಣ್ಣತಮ್ಮಂದಿರು, ಮಕ್ಕಳು, ಸೊಸೆಯರು ಸೇರಿದರೆ ಒಂದು ದೊಡ್ಡ ಊರೇ ಆಗುತ್ತದೆ. ನೀವು ಕೇಳಿದ್ದು ನಿಮ್ಮ ತಾಯಿಯ ಊರು ಯಾವುದು ಎಂದು ಮಾತ್ರ. ಆದರೆ ತಾಯಿಯನ್ನು ತರಲು ಹೋದರೆ ಅವರ ತಾಯಿ, ಅವರ ಅಕ್ಕತಂಗಿಯರು, ಅವರ ಮಕ್ಕಳು ಎಂದು ಒಬ್ಬರ ಕೈ ಹಿಡಿದು ಇನ್ನೊಬ್ಬರು, ಮದುವೆ ದಿಬ್ಬಣದಂತೆ ಎಲ್ಲರೂ ಗಣಕದ ನೆನಪಿಗೆ ಬಂದು ಕೂರುತ್ತಾರೆ.

ಇದಕ್ಕೆ ಪರಿಹಾರ ನಿಮ್ಮ ನಿಘಂಟಿನಲ್ಲೇ ಇದೆ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳ ಗ್ರಂಥ. ನಿಘಂಟಿನಲ್ಲಿ ಒಂದು ಪದದ ಎದುರು ಅರ್ಥದ ಬದಲು ಇನ್ನೊಂದು ಪದವನ್ನು ಹೆಸರಿಸಿ 'ನೋಡಿ' ಎಂದಿದ್ದರೆ ನೀವು ಏನು ಮಾಡುತ್ತೀರಿ? ಎಂಟೂ ಸಂಪುಟಗಳನ್ನು ಮೇಜಿನ ಮೇಲೆ ಹರಡುವುದಿಲ್ಲ. ಬೇಕೆನಿಸಿದರೆ ಮಾತ್ರ ಎದ್ದು ಹೋಗಿ ಆ ಒಂದು ಸಂಪುಟವನ್ನು ತರುತ್ತೀರಿ. ಗಣಕದಲ್ಲಿ ಇದಕ್ಕೆ 'ಲೇಜಿ ಲೋಡಿಂಗ್' ಎನ್ನುತ್ತಾರೆ. ಸೋಮಾರಿತನ ಎಂಬ ಈ ಹೆಸರು ನನಗೆ ಹಿಡಿಸದು. 'ಬೇಕಾದಾಗ ತರುವುದು' ಎಂದರೆ ಸಾಕು.

ಈ ವಿದ್ಯೆಗೂ ನಾವು ನೆಲೆಸಿರುವ ನಾಡಿಗೂ ನಂಟಿದೆ. ಗಿಲ್ ಸಿಂಪ್ಸನ್ ಮತ್ತು ಪೀಟರ್ ಹಾಸ್ಕಿನ್ಸ್ ಎಂಬ ಇಬ್ಬರು ನ್ಯೂಜಿಲೆಂಡಿನವರು ಮೊದಲು 'ಲಿಂಕ್' ಎಂಬ ತಂತ್ರಾಂಶವನ್ನು ರೂಪಿಸಿದರು. ಅದು ಬರೋಸ್, ಮುಂದೆ ಯೂನಿಸಿಸ್ ಕಂಪನಿಯ ಮೂಲಕ ಹೊರದೇಶಗಳಿಗೂ ಹೋಯಿತು. ಬಳಿಕ ಸಿಂಪ್ಸನ್ನರ ಕ್ರೈಸ್ಟ್‌ಚರ್ಚ್ ಕಂಪನಿಯಿಂದ 1996ರಲ್ಲಿ 'ಜೇಡ್' ಹೊರಬಂತು. ಅದರಲ್ಲಿ ಪ್ರೋಗ್ರಾಮಿಂಗ್ ಭಾಷೆಯೂ ಆಬ್ಜೆಕ್ಟ್ ಡೇಟಾಬೇಸೂ ಒಂದೇ. ಹೆಸರು ಕೇಳಿ ಜೇಡರ ಹುಳು ಎಂದುಕೊಳ್ಳಬೇಡಿ. ಜೇಡ್ ಎಂದರೆ ಹಸಿರು ಕಲ್ಲು, ಇಲ್ಲಿನ ಮಾವೊರಿ ಜನ ಕೊರಳಲ್ಲಿ ಧರಿಸುವ ಪೌನಮು ಆ ಜಾತಿಯದು. ಕ್ರೈಸ್ಟ್‌ಚರ್ಚಿನ ಲ್ಯಾಂಕಾಸ್ಟರ್ ಪಾರ್ಕ್ ಮೈದಾನಕ್ಕೆ 1998ರಿಂದ 2007ರವರೆಗೆ ಜೇಡ್ ಸ್ಟೇಡಿಯಂ ಎಂಬ ಹೆಸರಿತ್ತು. ಕ್ರಿಕೆಟ್ ನೋಡುವ ಅಪ್ಪಂದಿರಿಗೆ ನೆನಪಿರಬೇಕು. 2011ರ ಫೆಬ್ರವರಿ 22ರ ಭೂಕಂಪದಲ್ಲಿ ಹಾಳಾದ ಆ ಮೈದಾನದ ಕಟ್ಟಡಗಳು ಈಗ ಇಲ್ಲ.

ಜೇಡ್‌ನಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಅದರ ಎದುರುಸಂಬಂಧಗಳು. ಮಗುವಿನ ವಸ್ತುವಿನಲ್ಲಿ ತಾಯಿ ಇಂಥವರು ಎಂದು ಬರೆದರೆ ಸಾಕು, ತಾಯಿಯ 'ಮಕ್ಕಳು' ಪಟ್ಟಿಗೆ ಮಗು ತಾನಾಗಿಯೇ ಸೇರುತ್ತದೆ. ಮೇಲೆ ಹೇಳಿದ ಸೋದರಮಾವ–ಸೋದರಳಿಯರ ಗಂಟು ಇದೇ. ಆ ಪಟ್ಟಿಯನ್ನು ವಸ್ತುವಿನ ಹೊಟ್ಟೆಯೊಳಗೆ ಇಡದೆ ಬೇರೆಯಾಗಿ ಇಟ್ಟಿರುತ್ತಾರೆ. ತಾಯಿಯ ಹೆಸರು ಕೇಳಿದ ಮಾತ್ರಕ್ಕೆ ಮಕ್ಕಳ ಪಟ್ಟಿ ಎದ್ದು ಬರುವುದಿಲ್ಲ.

ಇನ್ನು ಇದನ್ನು ಕಟ್ಟುವುದು ಹೇಗೆ ಎಂದು ನೋಡೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಿಮ್ಮಲ್ಲಿ ಹಲವರು ಪೈಥಾನ್ ಕಲಿಯುತ್ತಿರುವುದರಿಂದ ಆ ಭಾಷೆಗಾಗಿ ಜಿಮ್ ಫುಲ್ಟನ್ ರೂಪಿಸಿದ ಜೆಡ್‌ಓಡಿಬಿ ಎಂಬ ಆಬ್ಜೆಕ್ಟ್ ಡೇಟಾಬೇಸಿನ ಮಾದರಿಯನ್ನೇ ಹಿಡಿಯುತ್ತೇನೆ.

ಪ್ರತಿ ಸ್ಥಾಯಿ ವಸ್ತುವಿಗೂ ಎಂದೂ ಬದಲಾಗದ ಒಂದು ಗುರುತುಸಂಖ್ಯೆ ಬೇಕು. ಹೆಸರು ಸಾಲದು, ಒಂದೇ ಮನೆಯಲ್ಲಿ ಮೂವರು ಲಕ್ಷ್ಮಿಯರಿರುತ್ತಾರೆ! ಉಗ್ರಾಣದಲ್ಲಿ ಮಗುವಿನ ತಾಯಿಯ ಜಾಗದಲ್ಲಿ ಬರೆದಿಡುವುದು ಈ ಸಂಖ್ಯೆಯನ್ನೇ. ಮಗುವನ್ನು ಹೊರತೆಗೆದಾಗ ತಾಯಿಯ ಜಾಗದಲ್ಲಿ ಒಂದು ಖಾಲಿ ವಸ್ತುವನ್ನು ನಿಲ್ಲಿಸುತ್ತಾರೆ. ಅದಕ್ಕೆ ತಾನು ವ್ಯಕ್ತಿ ಎಂಬುದು ಗೊತ್ತು, ತನ್ನ ಸಂಖ್ಯೆ ಗೊತ್ತು, ತಾನು ಯಾವ ಉಗ್ರಾಣದಿಂದ ಬಂದೆ ಎಂಬುದು ಗೊತ್ತು. ಬೇರೇನೂ ಗೊತ್ತಿಲ್ಲ. ಇದನ್ನು ಅವರು 'ಗೋಸ್ಟ್', ಅಂದರೆ ಭೂತ ಎನ್ನುತ್ತಾರೆ. ಪುಟ್ಟ ಮಕ್ಕಳು ಹೆದರದಿರಲಿ ಎಂದು ನಾನು 'ನೆರಳು' ಎನ್ನುತ್ತೇನೆ.

ಯಾರಾದರೂ ನೆರಳಿಗೆ "ನಿನ್ನ ಊರು ಯಾವುದು?" ಎಂದು ಕೇಳಿದ ಆ ಗಳಿಗೆಯಲ್ಲೇ ಕೆಲಸ ನಡೆಯುವುದು. ಉತ್ತರ ಕೊಡುವ ಮೊದಲು ನೆರಳು ತನ್ನ ಸಂಖ್ಯೆ ಹಿಡಿದು ಉಗ್ರಾಣಕ್ಕೆ ಹೋಗಿ, ತನ್ನ ವಿವರ ತಂದು ತುಂಬಿಕೊಳ್ಳುತ್ತದೆ. ಆ ವಿವರದಲ್ಲಿರುವ ಇತರರು, ಅಂದರೆ ತಾಯಿಯ ತಾಯಿ ಮುಂತಾದವರು, ಮತ್ತೆ ನೆರಳುಗಳಾಗಿಯೇ ನಿಲ್ಲುತ್ತಾರೆ. ಆಮೇಲೆ "ಹಾಸನ" ಎಂಬ ಉತ್ತರ ಬರುತ್ತದೆ. ಕೇಳಿದವರಿಗೆ ಈ ಓಡಾಟ ಗೊತ್ತೇ ಆಗುವುದಿಲ್ಲ.

ಹೊಸದಾಗಿ ಕಟ್ಟುವವರು ಎಡವುವುದು ಎರಡು ಕಡೆ. ಮೊದಲನೆಯದು ಜೋಡಿ ಅಜ್ಜಿಯ ತೊಂದರೆ. ಅಮ್ಮನ ಮೂಲಕ ಹೋದರೂ ಸೋದರಮಾವನ ಮೂಲಕ ಹೋದರೂ ತಲುಪುವುದು ಅದೇ ಅಜ್ಜಿಯನ್ನು. ಪ್ರತಿ ಸಲವೂ ಹೊಸ ನೆರಳು ಮಾಡಿದರೆ ಒಬ್ಬ ಅಜ್ಜಿ ಇಬ್ಬರಾಗುತ್ತಾರೆ. ಒಬ್ಬರಲ್ಲಿ ಕಥೆ ತಿದ್ದಿದರೆ ಇನ್ನೊಬ್ಬರಲ್ಲಿ ಹಳೆಯದೇ ಉಳಿಯುತ್ತದೆ. ಆದ್ದರಿಂದ ಯಾವ ಸಂಖ್ಯೆಯ ವಸ್ತು ಈಗಾಗಲೇ ಬಂದಿದೆ ಎಂಬ ಹಾಜರಿ ಪುಸ್ತಕ ಇರಲೇಬೇಕು. ನೆರಳು ಮಾಡುವ ಮುನ್ನ ಅದನ್ನು ತೆರೆದು ನೋಡಬೇಕು.

ಎರಡನೆಯದು ಇನ್ನೂ ಸೂಕ್ಷ್ಮ. ಉಗ್ರಾಣಕ್ಕೆ ಮರಳಿ ಬರೆಯುವಾಗ ಎಲ್ಲವನ್ನೂ ಬರೆಯುವುದಿಲ್ಲ, ಬದಲಾದವನ್ನು ಮಾತ್ರ. ಅಜ್ಜಿಯ ಊರನ್ನು ತಿದ್ದಿದರೆ ವಸ್ತು ತನ್ನ ಮೇಲೆ 'ಬದಲಾಗಿದೆ' ಎಂಬ ಗುರುತು ಹಾಕಿಕೊಳ್ಳುತ್ತದೆ. ಆದರೆ ಅಜ್ಜಿಯ ಕಥೆಗಳು ಪೈಥಾನಿನ ಸಾಮಾನ್ಯ ಪಟ್ಟಿಯಲ್ಲಿದ್ದು, ನೀವು ಆ ಪಟ್ಟಿಯ ಕೊನೆಗೆ ಹೊಸದೊಂದು ಕಥೆ ಸೇರಿಸಿದರೆ ಅಜ್ಜಿಗೆ ಅದು ತಿಳಿಯುವುದೇ ಇಲ್ಲ! ಬದಲಾದದ್ದು ಪಟ್ಟಿ, ಅಜ್ಜಿಯಲ್ಲ. ಪರದೆಯ ಮೇಲೆ ಕಥೆ ಕಾಣುತ್ತದೆ, ಯಾವ ದೋಷದ ಸಂದೇಶವೂ ಬರುವುದಿಲ್ಲ. ಮರುದಿನ ತೆರೆದಾಗ ಕಥೆ ಇರುವುದಿಲ್ಲ. ಫೋನಿನಲ್ಲಿ ಅಜ್ಜಿ ಒಮ್ಮೆ ಮಾತ್ರ ಹೇಳಿದ ಕಥೆಯಾಗಿದ್ದರೆ? ಆದ್ದರಿಂದ ಬದಲಾವಣೆಯ ಗುರುತನ್ನು ಕೈಯಾರೆ ಹಾಕಬೇಕು, ಇಲ್ಲವೇ ತನ್ನ ಬದಲಾವಣೆಯನ್ನು ತಾನೇ ಬಲ್ಲ ಸ್ಥಾಯಿ ಪಟ್ಟಿಯನ್ನು ಬಳಸಬೇಕು. ಎರಡನೆಯದೇ ನನಗೆ ಮೇಲೆನಿಸುತ್ತದೆ. ಮನುಷ್ಯರ ನೆನಪನ್ನು ನಂಬಿ ಕಟ್ಟಿದ ನಿಯಮ ಬಹುದಿನ ಬಾಳದು.

ನೆನಪಿನ ಜಾಗ ತುಂಬಿದಾಗ ಬಹಳ ಹೊತ್ತಿನಿಂದ ಯಾರೂ ಮಾತನಾಡಿಸದ ವಸ್ತುಗಳ ವಿವರವನ್ನು ಖಾಲಿ ಮಾಡಿ ಮತ್ತೆ ನೆರಳಾಗಿಸುತ್ತಾರೆ. 'ಬದಲಾಗಿದೆ' ಎಂಬ ಗುರುತು ಇರುವುದನ್ನು ಮಾತ್ರ, ಬರೆದಿಡುವ ತನಕ, ಮುಟ್ಟುವಂತಿಲ್ಲ.

ಈ ವಿಧಾನಕ್ಕೂ ಒಂದು ದೌರ್ಬಲ್ಯವಿದೆ, ಅದು ನಮ್ಮಂತಹ ದೂರದವರನ್ನೇ ಹೆಚ್ಚು ಕಾಡುತ್ತದೆ. ಉಗ್ರಾಣ ಬೆಂಗಳೂರಿನಲ್ಲಿದೆ, ನೀವು ಆಕ್ಲೆಂಡಿನಲ್ಲಿದ್ದೀರಿ ಎನ್ನೋಣ. ನಡುವಿನ ದೂರ 11,000 ಕಿ.ಮೀ.ಗೂ ಹೆಚ್ಚು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿ.ಮೀ. ಹೋಗುತ್ತದೆ. ಹೋಗಿ ಬರುವ 22,000 ಕಿ.ಮೀ.ಗೆ ಕಡೆಯ ಪಕ್ಷ 0.11 ಸೆಕೆಂಡು ಬೇಕು. ಎಂತಹ ಗಣಕ ಕೊಂಡರೂ ಇದಕ್ಕಿಂತ ಕಡಿಮೆ ಮಾಡಲಾಗದು. ಒಬ್ಬ ಅಜ್ಜಿಗಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಆದರೆ 300 ನೆಂಟರ ಊರುಗಳನ್ನು ಸಾಲಾಗಿ ತೋರಿಸು ಎಂದರೆ 300 ನೆರಳುಗಳು ಒಂದೊಂದಾಗಿ ಹೋಗಿ ಬರುತ್ತವೆ: 33 ಸೆಕೆಂಡು! ಮಾರ್ಟಿನ್ ಫೌಲರ್ 2002ರ ತಮ್ಮ ಪುಸ್ತಕದಲ್ಲಿ ಬೇಕಾದಾಗ ತರುವ ನಾಲ್ಕು ಬಗೆಗಳನ್ನು ವಿವರಿಸುವಾಗ ಈ ಅಲೆಅಲೆಯಾಗಿ ತರುವ ತೊಂದರೆಯನ್ನೂ ಹೇಳಿದ್ದಾರೆ. ಪರಿಹಾರವೂ ಸರಳ: ಎಲ್ಲರೂ ಬೇಕೆಂದು ಮೊದಲೇ ಗೊತ್ತಿದ್ದರೆ ಸಂಖ್ಯೆಗಳ ಪಟ್ಟಿಯನ್ನು ಒಟ್ಟಿಗೆ ಕಳುಹಿಸಿ, ಒಂದೇ ಸಲಕ್ಕೆ ತರಿಸಿಕೊಳ್ಳುವುದು. ಅಂಗಡಿಗೆ ಒಂದೊಂದು ಸಾಮಾನಿಗೂ ಒಂದೊಂದು ಸಲ ಯಾರೂ ಹೋಗುವುದಿಲ್ಲವಲ್ಲ!

ಇನ್ನೊಂದು ಮಾತು. ನೀವು ಅಜ್ಜಿಯ ವಿವರವನ್ನು ಬೆಳಿಗ್ಗೆ ತಂದಿರಿ, ಮಧ್ಯಾಹ್ನ ಬೆಂಗಳೂರಿನಲ್ಲಿ ನಿಮ್ಮ ಸೋದರಮಾವ ಅದನ್ನು ತಿದ್ದಿದರು. ನಿಮ್ಮ ಬಳಿ ಇರುವುದು ಹಳೆಯ ಪ್ರತಿ. ಅದರ ಮೇಲೆಯೇ ನೀವೂ ತಿದ್ದಿ ಬರೆದರೆ ಮಾವ ಬರೆದದ್ದು ಅಳಿಸಿಹೋಗುತ್ತದೆ. ಇದನ್ನು ತಡೆಯಲು ಜೇಡ್‌ನಲ್ಲಿ ಪ್ರತಿ ವಸ್ತುವಿಗೂ ಒಂದು ಆವೃತ್ತಿ ಸಂಖ್ಯೆ ಇರುತ್ತದೆ, ತಿದ್ದಿದಾಗ ಅದು ಏರುತ್ತದೆ. ತಿದ್ದುವ ಮೊದಲು ವಸ್ತುವಿಗೆ ಬೀಗ ಹಾಕುವಾಗ ಈ ಸಂಖ್ಯೆಯನ್ನು ಹೋಲಿಸಿ, ನಿಮ್ಮದು ಹಳೆಯದಾಗಿದ್ದರೆ ಹೊಸದನ್ನು ತರುತ್ತದೆ. ಜೆಡ್‌ಓಡಿಬಿ ಬೀಗ ಹಾಕುವುದಿಲ್ಲ, ಬರೆಯಲು ಹೋದಾಗ ಘರ್ಷಣೆಯಾಗಿದೆ ಎಂದು ತಡೆಯುತ್ತದೆ. ಆಗ ಹೊಸ ಪ್ರತಿ ತಂದು ನಿಮ್ಮ ಕೆಲಸವನ್ನು ಮತ್ತೆ ಮಾಡಬೇಕು.

ಈಗ ಚಿಕ್ಕವರಿಗೂ ದೊಡ್ಡವರಿಗೂ ಸೇರಿ ಆಟ. ಶೂ ಬರುವ ರಟ್ಟಿನ ಪೆಟ್ಟಿಗೆಯೊಂದನ್ನು ಉಗ್ರಾಣ ಮಾಡಿಕೊಳ್ಳಿ. ಮನೆಯ ಪ್ರತಿಯೊಬ್ಬ ನೆಂಟರಿಗೂ ಒಂದು ಚೀಟಿ: ಮೂಲೆಯಲ್ಲಿ ಗುರುತುಸಂಖ್ಯೆ, ಒಳಗೆ ಹೆಸರು, ಊರು, ಒಂದು ಕಥೆ. ತಾಯಿ, ತಂದೆ, ಮಕ್ಕಳ ಜಾಗದಲ್ಲಿ ಬರಿಯ ಸಂಖ್ಯೆಗಳು. ಪೆಟ್ಟಿಗೆ ಕೋಣೆಯ ಆಚೆ ತುದಿಯಲ್ಲಿರಲಿ. ಮೇಜಿನ ಮೇಲೆ ನಿಮ್ಮ ಚೀಟಿ ಮಾತ್ರ ಇರಬೇಕು, ಉಳಿದವರಿಗೆ ಸಂಖ್ಯೆ ಬರೆದ ಖಾಲಿ ಚೀಟಿ, ಅದೇ ನೆರಳು. "ನಿನ್ನ ತಾಯಿಯ ತಾಯಿಯ ಅಣ್ಣನ ಊರು ಯಾವುದು?" ಎಂದು ಒಬ್ಬರು ಕೇಳಲಿ, ಇನ್ನೊಬ್ಬರು ಓಡಿ ಚೀಟಿಗಳನ್ನು ಒಂದೊಂದಾಗಿ ತರಲಿ. ಒಂದು ಸಲಕ್ಕೆ ಒಂದೇ ಚೀಟಿ. ಓಟಗಳನ್ನು ಎಣಿಸಿ. ಆಮೇಲೆ ಒಂದೇ ಸಲಕ್ಕೆ ಐದು ಚೀಟಿ ತರಬಹುದು ಎಂದು ನಿಯಮ ಬದಲಿಸಿ, ಈ ಪ್ರಶ್ನೆಗೆ ಓಟ ಕಡಿಮೆಯಾಗುವುದೋ ಇಲ್ಲವೋ ನೋಡಿ. "ನಿನ್ನ ತಾಯಿಯ ಅಕ್ಕತಂಗಿ ಅಣ್ಣತಮ್ಮಂದಿರೆಲ್ಲರ ಊರುಗಳು ಯಾವುವು?" ಎಂಬ ಪ್ರಶ್ನೆಗೂ ಹಾಗೆಯೇ ಮಾಡಿ. ಒಂದರಲ್ಲಿ ಲಾಭವಾಗುತ್ತದೆ, ಇನ್ನೊಂದರಲ್ಲಿ ಅಷ್ಟಾಗಿ ಆಗುವುದಿಲ್ಲ. ಯಾವುದರಲ್ಲಿ, ಏಕೆ ಎಂಬುದನ್ನು ಕನ್ನಡದಲ್ಲಿ ಐದು ವಾಕ್ಯಗಳಲ್ಲಿ ಬರೆದು ತನ್ನಿ. ಚೀಟಿಯಲ್ಲಿ ಬರೆಯಲು ಕಥೆ ಇಲ್ಲದಿದ್ದರೆ ಈ ಭಾನುವಾರ ಅಜ್ಜಿಗೆ ಫೋನ್ ಮಾಡಿ ಕೇಳಿ. ಇಲ್ಲಿ ಸಂಜೆಯಾದಾಗ ಅಲ್ಲಿ ಬೆಳಗಿನ ಕಾಫಿಯ ಸಮಯ.