ಸಕ್ಕರೆ ಕಾಯಿಲೆಯ ಮಾತ್ರೆ ಏನು ಮಾಡುತ್ತದೆ?

ಶನಿವಾರ ನಮ್ಮ ಬೀದಿಯ ದೊಡ್ಡಮ್ಮನಿಗೆ ಒಪ್ಪತ್ತು. ಬೆಳಿಗ್ಗೆ ಏನೂ ತಿನ್ನುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ತಪ್ಪಿಸುವುದಿಲ್ಲ.

ಹೋದ ಶನಿವಾರ ಮಾತ್ರೆ ನುಂಗಿ ನೀರಿಗೆ ಬಂದರು. ನಲ್ಲಿ ಹತ್ತಿರ ಅವರ ಕೈ ನಡುಗಿತು. ಮೈಯೆಲ್ಲಾ ಬೆವೆತಿತು. ಬಿಂದಿಗೆ ಕೆಳಗೆ ಬಿತ್ತು. “ಕಣ್ಣು ಕತ್ತಲೆ ಬರ್ತದೆ ಕಣ್ರವ್ವಾ” ಎಂದು ಕುಸಿದು ಕೂತರು.

ನಾವು ಹೆದರಿದೆವು. ಸಕ್ಕರೆ ಜಾಸ್ತಿ ಆಗಿರಬೇಕು ಎಂದುಕೊಂಡೆವು. ನರ್ಸಮ್ಮ ಓಡಿ ಬಂದು ಬೆರಳು ಚುಚ್ಚಿ ನೋಡಿದರು. ಸಕ್ಕರೆ 52 ಇತ್ತು. ಅದು 70ಕ್ಕಿಂತ ಕೆಳಗೆ ಇಳಿಯಬಾರದು. ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿದರು. ಕಾಲು ಗಂಟೆಯಲ್ಲಿ ದೊಡ್ಡಮ್ಮ ಚೇತರಿಸಿಕೊಂಡರು. ಆಮೇಲೆ ಊಟ ಮಾಡಿಸಿದೆವು.

“ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಟ್ರಲ್ಲಾ!” ಎಂದು ಕೇಳಿದೆವು. ಸಂಜೆ ನರ್ಸಮ್ಮ ನಮ್ಮ ಕಲಿಕಾ ಕೇಂದ್ರಕ್ಕೆ ಬಂದು ಬಿಡಿಸಿ ಹೇಳಿದರು.

ನಾವು ಉಂಡ ಮುದ್ದೆ, ಅನ್ನ ಹೊಟ್ಟೆಯಲ್ಲಿ ಅರಗಿ ಸಕ್ಕರೆಯಾಗುತ್ತದೆ. ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಮೈಯ ಎಲ್ಲಾ ಭಾಗಕ್ಕೂ ಹೋಗಬೇಕು. ಅದಕ್ಕೆ ಬಾಗಿಲು ತೆಗೆಯುವ ಬೀಗದ ಕೈ ಇನ್ಸುಲಿನ್. ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿ ಇದನ್ನು ಮಾಡುತ್ತದೆ. ಈ ಕಾಯಿಲೆಯಲ್ಲಿ ಬೀಗದ ಕೈ ಸರಿಯಾಗಿ ತಿರುಗುವುದಿಲ್ಲ. ಬರಬರುತ್ತಾ ಇನ್ಸುಲಿನ್ನೂ ಕಡಿಮೆಯಾಗುತ್ತದೆ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

ಮಾತ್ರೆಗಳೆಲ್ಲಾ ಒಂದೇ ಅಲ್ಲ. ನಮ್ಮ ಲಿವರ್ ಸಕ್ಕರೆಯನ್ನು ಕೂಡಿಟ್ಟು ರಕ್ತಕ್ಕೆ ಬಿಡುತ್ತಿರುತ್ತದೆ. ಮೆಟ್‌ಫಾರ್ಮಿನ್ ಮಾತ್ರೆ ಹಾಗೆ ಬಿಡುವುದನ್ನು ತಗ್ಗಿಸುತ್ತದೆ. ಇದೊಂದನ್ನೇ ನುಂಗುವವರಿಗೆ ಸಕ್ಕರೆ ತೀರಾ ಇಳಿಯುವುದು ಅಪರೂಪ.

ಗ್ಲಿಮೆಪಿರೈಡ್ ಹಾಗಲ್ಲ. ಇನ್ನಷ್ಟು ಇನ್ಸುಲಿನ್ ಬಿಡು ಎಂದು ಅದು ಮೇದೋಜೀರಕವನ್ನು ದೂಡುತ್ತದೆ. ನಾವು ಉಂಡಿದ್ದೇವೋ ಇಲ್ಲವೋ ಅದು ನೋಡುವುದಿಲ್ಲ. ದೊಡ್ಡಮ್ಮ ನುಂಗಿದ್ದು ಇದನ್ನೇ. ಎರಡೂ ಬೆರೆಸಿದ ಮಾತ್ರೆಯೂ ಉಂಟು. ಅದರಲ್ಲೂ ಇದೇ ಭಯ.

“ಒಪ್ಪತ್ತು ಬಿಡೋಕೆ ನನ್ ಕೈಲಾಗಲ್ಲ” ಎಂದರು ದೊಡ್ಡಮ್ಮ. ನರ್ಸಮ್ಮ ಬೈಯಲಿಲ್ಲ. ಅದು ನಮಗೆ ಹಿಡಿಸಿತು. “ಒಪ್ಪತ್ತು ಇದ್ರೆ ಮೊದ್ಲೇ ಡಾಕ್ಟರನ್ನ ಕೇಳಿ. ಆ ದಿನಕ್ಕೆ ಏನು ಮಾಡಬೇಕು ಅಂತ ಅವರು ಹೇಳ್ತಾರೆ. ನೀವಾಗೇ ಮಾತ್ರೆ ಬಿಡಬೇಡಿ, ಜಾಸ್ತೀನೂ ಮಾಡಬೇಡಿ” ಎಂದರು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದಂತೆ. ಕೂಡಲೇ 108ಕ್ಕೆ ಫೋನ್ ಮಾಡಬೇಕು.

ದೊಡ್ಡಮ್ಮ ಪೆನ್ನು ಕೇಳಿದರು. ಮಾತ್ರೆಯ ಡಬ್ಬಿಯ ಮೇಲೆ ‘ತಿಂಡಿ ಜೊತೆ’ ಎಂದು ಬರೆದರು. ಅಕ್ಷರ ಸ್ವಲ್ಪ ಓರೆ. ಆದರೂ ನಾವೆಲ್ಲಾ ಓದಿದೆವು.